ಮೊದಲ ಕಥಾ ಸಂಕಲನ: ಪ್ರಕಾಶಕರಿಗೆ ಕೊಡಲಾ, ನಾನೇ ಅಚ್ಚು ಹಾಕಿಸಲಾ?

ಕಲ್ಪತರು ನಾಡಿನವ:
ಎಲ್ಲರಿಗೂ ನಮಸ್ಕಾರ. ಹನ್ನೊಂದು ಕಥೆಗಳಿವೆ, ಡೆಮಿ ಸೈಜಿನಲ್ಲಿ ಸುಮಾರು 140 ಪುಟ ಆಗಬಹುದು. ನಾಲ್ಕು ಕಥೆ ಈಗಾಗಲೇ ಪತ್ರಿಕೆ, ವಿಶೇಷಾಂಕಗಳಲ್ಲಿ ಬಂದಿವೆ. ಒಬ್ಬ ಪ್ರಕಾಶಕರಿಗೆ ಕಳಿಸಿ ಎಂಟು ತಿಂಗಳಾಯಿತು, 'ನೋಡ್ತೀವಿ' ಅಂದವರು ಆಮೇಲೆ ಫೋನೇ ಎತ್ತುತ್ತಿಲ್ಲ. ಇನ್ನೊಬ್ಬರು ಮಾರನೇ ದಿನವೇ ಒಪ್ಪಿದರು! ಆದರೆ 45 ಸಾವಿರ ನಾನೇ ಕೊಡಬೇಕಂತೆ, ಬದಲಿಗೆ 200 ಪ್ರತಿ ಕೊಡ್ತಾರಂತೆ. ಅಷ್ಟು ದುಡ್ಡು ಹಾಕೋದಾದರೆ ನಾನೇ ಮಾಡಿಸಬಹುದಲ್ವಾ? ಆದರೆ ಸ್ವಂತ ಪ್ರಕಟಣೆ ಅಂದರೆ ಯಾರೂ ಒಪ್ಪದೇ ಇದ್ದದ್ದಕ್ಕೆ ತಾನೇ ಹಾಕಿಸಿಕೊಂಡ ಅಂತ ಮೂಗು ಮುರೀತಾರೇನೋ ಅನ್ನೋ ಭಯ. ಅನುಭವ ಇದ್ದವರು ಹೇಳಿ.

ಹಳೇ ಪುಸ್ತಕದ ಹುಳು:
ಮೂಗಿನ ವಿಷಯ ಬಿಡಿ. ಹಳೇ ತಲೆಮಾರಿನ ಕಾದಂಬರಿಕಾರ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಕುವೆಂಪು ಪುಸ್ತಕಗಳನ್ನು ತಂದ ಉದಯರವಿ ಪ್ರಕಾಶನ ಅವರ ಮನೆಯದ್ದೇ. ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ಇಟ್ಟಿದ್ದರು. ಹಾಗಂತ ನಾವೆಲ್ಲ ಕಾರಂತರಲ್ಲ, ಅದು ಬೇರೆ ಮಾತು 😄

ಮಂಚದ ಕೆಳಗಿನ ಪ್ರಕಾಶಕಿ:
ಎರಡು ವರ್ಷದ ಹಿಂದೆ ನಾನೇ ಹಾಕಿಸಿದೆ. 136 ಪುಟ, 500 ಪ್ರತಿ, ಮುಖಪುಟ ಸೇರಿ 38 ಸಾವಿರ ಆಯಿತು, ಅಂದರೆ ಪ್ರತಿಗೆ 76 ರೂಪಾಯಿ. ಬೆಲೆ 160 ಇಟ್ಟೆ. ಅಂಗಡಿಯವರು ನೂರಕ್ಕೆ 40 ಕಮಿಷನ್ ಕೇಳಿದರು, ನನ್ನ ಕೈಗೆ 96. ಅದೂ ಮಾರಿದ ಮೇಲೆ, ಅದೂ ನಾಲ್ಕು ಸಲ ಫೋನ್ ಮಾಡಿದ ಮೇಲೆ. ಬಿಡುಗಡೆ ದಿನ ನೆಂಟರು, ಆಫೀಸಿನವರು ಸೇರಿ 120 ಹೋಯಿತು. ಫೇಸ್‌ಬುಕ್‌ನಲ್ಲಿ ಬರೆದು ಬರೆದು ಇನ್ನೊಂದು 90. ಉಳಿದದ್ದು ಎಲ್ಲಿದೆ ಅಂತ ನನ್ನ ಹೆಸರು ನೋಡಿದರೆ ಗೊತ್ತಾಗತ್ತೆ.

ಯಾರೂ ಹೇಳದ ತಾಪತ್ರಯ ಅಂದರೆ ಡಿಟಿಪಿ, ಅದೇ ಕಂಪ್ಯೂಟರಿನಲ್ಲಿ ಪುಟ ಜೋಡಿಸೋ ಕೆಲಸ. ನಾನು ಯೂನಿಕೋಡ್‌ನಲ್ಲಿ ಬರೆದಿದ್ದೆ, ಅವರು ನುಡಿ ತಂತ್ರಾಂಶದ ಫಾಂಟ್‌ಗೆ ಬದಲಾಯಿಸಿದಾಗ ಒತ್ತಕ್ಷರಗಳೆಲ್ಲ ಅಲ್ಲೋಲಕಲ್ಲೋಲ. ಕರಡು ಮೂರು ಸಲ ತಿದ್ದಿದೆ, ಆದರೂ ಮೊದಲ ಪುಟದಲ್ಲೇ ಒಂದು ತಪ್ಪು ಉಳಿಯಿತು, ಈಗಲೂ ಆ ಪುಟ ತೆರೆಯಲ್ಲ ನಾನು. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಸರ್ಕಾರದಿಂದ ಪುಕ್ಕಟೆ ಸಿಗತ್ತೆ, ಅದಕ್ಕೆ ಅಂತ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ. ಅಂಚೆಯವರ ಅಗ್ಗದ ಬುಕ್ ಪೋಸ್ಟ್ ಕೂಡ ನಿಂತುಹೋಗಿದೆ, ಒಂದೊಂದೇ ಪ್ರತಿ ಕಳಿಸೋ ಖರ್ಚನ್ನೂ ಲೆಕ್ಕ ಹಾಕಿಕೊಳ್ಳಿ. ಈಗ ಮಾಡೋದಾದರೆ 500 ಹಾಕಿಸಲ್ಲ. ಡಿಜಿಟಲ್ ಪ್ರಿಂಟ್‌ನಲ್ಲಿ 150 ತೆಗೆಸಿ, ಖಾಲಿಯಾದರೆ ಮತ್ತೆ ತೆಗೆಸ್ತೀನಿ. ಪ್ರತಿಗೆ ಸ್ವಲ್ಪ ಜಾಸ್ತಿ ಬಿದ್ದರೂ ಮಂಚ ಖಾಲಿ ಇರತ್ತೆ.

ಕರಡು ತಿದ್ದುವವ:
ಆ 45 ಸಾವಿರದ ಲೆಕ್ಕ ಒಮ್ಮೆ ನೋಡಿ. 200 ಪ್ರತಿಗೆ ಅಂದರೆ ಒಂದಕ್ಕೆ 225 ಬಿತ್ತು. 140 ಪುಟದ ಪುಸ್ತಕದ ಮುಖಬೆಲೆಯೇ ಅಷ್ಟಿರಲ್ಲ. ದುಡ್ಡು ನಿಮ್ಮದು, ಬ್ಯಾನರ್ ಅವರದು. ಸರ್ಕಾರಿ ಲೈಬ್ರರಿಗಳ ಖರೀದಿಗೆ ಪುಸ್ತಕ ಆಯ್ಕೆಯಾದರೆ ಆ ಹಣ ಯಾರಿಗೆ ಅಂತ ಕೇಳಿ ನೋಡಿ, ಉತ್ತರ ಕೇಳಿದ ಮೇಲೆ ನಿರ್ಧಾರ ಸುಲಭ ಆಗತ್ತೆ.

ಆದರೆ ಒಳ್ಳೇ ಪ್ರಕಾಶಕರು ಸಿಕ್ಕರೆ ಕಾಯೋದು ದಂಡ ಅಲ್ಲ. ರಾಯಲ್ಟಿ ನೂರಕ್ಕೆ 10 ಅಂದುಕೊಂಡರೆ 160 ರೂಪಾಯಿ ಪುಸ್ತಕಕ್ಕೆ 16 ರೂಪಾಯಿ, ಸಾವಿರ ಪ್ರತಿ ಪೂರ್ತಿ ಮಾರಿದರೂ 16 ಸಾವಿರ ಅಷ್ಟೇ, ಆ ಆಸೆಗೆ ಹೋಗಬೇಡಿ. 'ಈ ಎರಡು ಕಥೆ ತೆಗೆಯಪ್ಪಾ, ಸಂಕಲನ ಗಟ್ಟಿಯಾಗತ್ತೆ' ಅನ್ನೋ ಒಬ್ಬ ಮನುಷ್ಯ ಸಿಗ್ತಾನಲ್ಲ, ಅದಕ್ಕೆ ಹೋಗಿ. ಮೊದಲ ಸಂಕಲನ ಅಂದ್ರಲ್ಲ, 'ಛಂದ ಪುಸ್ತಕ' ಪ್ರಕಾಶನದ ಹಸ್ತಪ್ರತಿ ಸ್ಪರ್ಧೆ ನೋಡಿದ್ದೀರಾ? ಕನ್ನಡ ಪುಸ್ತಕ ಪ್ರಾಧಿಕಾರದಲ್ಲೂ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಇದೆ, ವಯಸ್ಸಿನ ಮಿತಿ ನೋಡಿಕೊಳ್ಳಿ.

ಯಾರಿಗೇ ಕೊಟ್ಟರೂ ಬಾಯಿಮಾತಲ್ಲಿ ಬಿಡಬೇಡಿ. ಹಕ್ಕು ಎಷ್ಟು ವರ್ಷಕ್ಕೆ ಅಂತ ಕಾಗದದಲ್ಲಿ ಇರಲಿ. ಬರೆಯದಿದ್ದರೆ 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ ಐದು ವರ್ಷ ಅಂತ ಲೆಕ್ಕ. ಇ-ಬುಕ್, ಆಡಿಯೋ ಹಕ್ಕು ಬೇರೆಯಾಗಿ ಬರೆಸಿ.

ಕಲ್ಪತರು ನಾಡಿನವ:
225ರ ಲೆಕ್ಕ ನನಗೆ ಹೊಳೆದೇ ಇರಲಿಲ್ಲ, ನಾನು ಅಕೌಂಟ್ಸ್‌ನಲ್ಲಿ ಕೆಲಸ ಮಾಡೋನು ಬೇರೆ. ಅವರಿಗೆ ಬೇಡ ಅಂತ ಹೇಳ್ತೀನಿ. ಮೊದಲು ಸ್ಪರ್ಧೆಗೆ ಕಳಿಸಿ ನೋಡ್ತೀನಿ, ಆಗದಿದ್ದರೆ 150 ಪ್ರತಿ ನಾನೇ. ಅಕ್ಕ, ನಿಮ್ಮ ಪುಸ್ತಕ ಒಂದು ನನಗೆ ಕಳಿಸಿ, ದುಡ್ಡು ಪೂರ್ತಿ ಹಾಕ್ತೀನಿ.

ಮಂಚದ ಕೆಳಗಿನ ಪ್ರಕಾಶಕಿ:
ವಿಳಾಸ ಮೆಸೇಜ್ ಮಾಡಿ. ಮೊದಲ ಪುಟ ಓದಬೇಡಿ.