ಕಟ್ಲ್‌ಫಿಶ್‌ಗೆ ನಮ್ಮ ಕಡೆ ಏನನ್ನುತ್ತಾರೆ?

ತಂಗಿಯ ಮಗ ಲಕ್ಷದ್ವೀಪದ ಕಡಮತ್‌ನಲ್ಲಿ ಸ್ಕೂಬಾಕ್ಕೆ ಇಳಿದು ಒಂದಷ್ಟು ಚಿತ್ರ ತೆಗೆದಿದ್ದಾನೆ. 'ಮಾವ, ಒಂದೊಂದಕ್ಕೂ ಕನ್ನಡದಲ್ಲಿ ಎರಡು ಸಾಲು ಬರೆದುಕೊಡಿ' ಅಂತ ಅವನ ಒತ್ತಾಯ. ಆಮೆ, ತೊರಕೆ ಎಲ್ಲ ಸಲೀಸಾಗಿ ಮುಗಿದವು. ಆಕ್ಟೋಪಸ್ಸಿನ ನೆಂಟ ಕಟ್ಲ್‌ಫಿಶ್ ಬಂದಾಗ ಪೆನ್ನು ನಿಂತಿತು.

ಕಾಸರಗೋಡಿನ ಮೀನುಪೇಟೆಯಲ್ಲಿ ತುಳುವರ ಬಾಯಲ್ಲಿ ಬೊಂಡಾಸ್, ಮಲಯಾಳದವರ ಬಾಯಲ್ಲಿ ಕೂಂದಳ್. ಆದರೆ ಅವು ಅದೇ ಬಳಗದ ಸ್ಕ್ವಿಡ್‌ನ ಹೆಸರುಗಳು. ಸ್ಕ್ವಿಡ್ ನೀಳ ದೇಹದ್ದು, ಒಳಗೆ ಗಾಜಿನಂಥ ತೆಳು ಕಡ್ಡಿ. ಕಟ್ಲ್‌ಫಿಶ್ ಅಗಲ, ಮೈಸುತ್ತ ಲಂಗದ ಅಂಚಿನಂಥ ರೆಕ್ಕೆ, ಬೆನ್ನೊಳಗೆ ಬಿಳಿ ಸುಣ್ಣದ ಹಲಗೆ. ಮಂಗಳೂರು ಕಡೆ ಇದನ್ನು 'ಕಪ್ಪೆ ಬೊಂಡಾಸ್' ಅನ್ನುವುದನ್ನು ಕೇಳಿದ್ದೇನೆ. ಮಂಜೇಶ್ವರ, ಕುಂಬಳೆಯಲ್ಲೂ ಈ ಮಾತು ನಡೆಯುತ್ತದೆಯೇ? ಮಲಯಾಳದವರ ಕಣವ ಎಂಬ ಹೆಸರು ಮೀನು ಹಿಡಿಯುವ ನಮ್ಮ ಮೊಗೇರರ, ಮರಕಾಲರ ಮನೆಗಳಲ್ಲಿ ಬಳಕೆಯಲ್ಲಿದೆಯೇ? 'ಕಟ್ಲ್ ಮೀನು' ಮಾತ್ರ ಬೇಡ. ಬಸವನಹುಳುವಿನ ಬಳಗದ ಪ್ರಾಣಿಯನ್ನು ಮೀನು ಅನ್ನುವುದು ಇಂಗ್ಲಿಷಿನವರ ತಪ್ಪು, ನಾವೇಕೆ ಹೊರಬೇಕು?

ವಿಚಿತ್ರವೆಂದರೆ ಆ ಹಲಗೆಗೆ ಮಾತ್ರ ಹಳೆಯ, ಗೌರವದ ಹೆಸರಿದೆ: ಸಮುದ್ರಫೇನ. ಆಯುರ್ವೇದದ ಅಂಗಡಿಯಲ್ಲಿ ಹಾಗೆಂದರೆ ತಕ್ಷಣ ಕೊಡುತ್ತಾರೆ. ಗಿಳಿ ಸಾಕುವವರೂ ಪಂಜರದಲ್ಲಿ ಸಿಕ್ಕಿಸುತ್ತಾರೆ. ದಡಕ್ಕೆ ತೇಲಿಬಂದದ್ದನ್ನು ನೊರೆ ಗಟ್ಟಿಯಾದದ್ದೆಂದು ತಿಳಿದು ಇಟ್ಟ ಹೆಸರಿರಬಹುದು ಎಂಬುದು ನನ್ನ ಊಹೆ. ಅಸಲಿಗೆ ಅದರ ಸಣ್ಣ ಸಣ್ಣ ಕೋಣೆಗಳಲ್ಲಿ ಗಾಳಿ, ನೀರಿನ ಪಾಲನ್ನು ಹೆಚ್ಚುಕಡಿಮೆ ಮಾಡಿಯೇ ಪ್ರಾಣಿ ಏಳುವುದು, ಮುಳುಗುವುದು. ಮಲಯಾಳದಲ್ಲಿ ಇದು ಕಡಲ್‌ನಾಕ್ಕ್. ಕನ್ನಡದಲ್ಲೂ 'ಕಡಲ ನಾಲಗೆ' ಅಂದವರು ಯಾರಾದರೂ ಇದ್ದಾರೆಯೇ?

ಇನ್ನೊಂದು ತೊಡಕು ಕ್ರಿಯಾಪದದ್ದು. ಹುಡುಗನ ವಿಡಿಯೋದಲ್ಲಿ ಅದು ಹವಳದ ಪಕ್ಕ ಕದಲದೆ ನಿಂತಿದೆ, ಮೈಮೇಲೆ ಮಾತ್ರ ಕಪ್ಪು ಪಟ್ಟೆಗಳು ಗದ್ದೆಯ ಪೈರಿನ ಮೇಲೆ ಗಾಳಿ ಹಾದಂತೆ ಸಾಗುತ್ತಿವೆ. ಚರ್ಮದ ಬಣ್ಣದ ಚೀಲಗಳನ್ನು ಸ್ನಾಯುಗಳು ಎಳೆದು ಬಿಡುವುದರಿಂದ ಹೀಗಾಗುತ್ತದೆ. (ಇಷ್ಟೆಲ್ಲ ಬಣ್ಣ ತೋರಿಸುವ ಅದಕ್ಕೆ ಸ್ವತಃ ಬಣ್ಣಗುರುಡು!) 'ಬಣ್ಣ ಬದಲಿಸುತ್ತದೆ' ಅಂದರೆ ಗೋಸುಂಬೆಯ ನಿಧಾನ ನೆನಪಾಗುತ್ತದೆ. 'ಮಿನುಗುತ್ತದೆ' ಅಂದರೆ ಬೆಳಕು ಹೊಮ್ಮಿಸಿದ ಹಾಗೆ. 'ಬಣ್ಣ ಹಾಯಿಸುತ್ತದೆ' ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ, ನೀರು ಹಾಯಿಸಿದ ಹಾಗೆ ಕೇಳುತ್ತದೋ ಏನೋ.

ಕಡಲಿಗೆ ಹೋಗುವವರ ಮಾತು ಗೊತ್ತಿದ್ದವರು ಊರಿನ ಹೆಸರು ಸಹಿತ ತಿಳಿಸಿದರೆ ಉಪಕಾರ.