ಎರಡು ಎಕ್ಕ ಹಿಡಿದು ಸೋತವನ ಗೋಳು

ಪೋಕರ್ ಟೂರ್ನಮೆಂಟ್ ಆಡಿ ಬಂದವರ ಹತ್ತಿರ "ಹೇಗಾಯ್ತು?" ಅಂತ ಕೇಳಬಾರದು. ಕೇಳಿದರೆ ಹೇಳಿಬಿಡುತ್ತಾರೆ. ನಮ್ಮ ಗುಂಪಿನಲ್ಲಿ ಇದು ಎಲ್ಲರಿಗೂ ಗೊತ್ತು. ಆದರೂ ಶೀನ ಬಂದು ಕೂತ ತಕ್ಷಣ ಮೇಷ್ಟ್ರು ಬಾಯಿ ತಪ್ಪಿ ಕೇಳಿಯೇ ಬಿಟ್ಟರು.

"ಏನು ಹೇಳಲಿ ಮೇಷ್ಟ್ರೇ, ನನ್ನ ಕೈಯಲ್ಲಿ ಎರಡು ಎಕ್ಕ..."

"ಶುರುವಾಯ್ತು," ಅಂದಳು ರಾಜಿ. "ಎದುರಿನವನ ಕೈಯಲ್ಲಿ ಎರಡು ರಾಜ. ಇಬ್ಬರೂ ಆಲ್ ಇನ್, ಇದ್ದದ್ದೆಲ್ಲ ಪಣಕ್ಕೆ. ಮೇಜಿನ ಮೇಲೆ ಬಿದ್ದ ಕೊನೇ ಎಲೆ ಮೂರನೇ ರಾಜ. ಸರಿ ತಾನೇ? ಬೇರೆ ವಿಷಯ ಮಾತಾಡೋಣ."

"ಕೊನೇ ಎಲೆ ಅಲ್ಲ ಕಣೇ, ನಾಲ್ಕನೇ ಎಲೆ!" ಶೀನನಿಗೆ ಸೋತದ್ದಕ್ಕಿಂತ ಕಥೆ ತಪ್ಪಾಗಿ ಹೇಳಿದ್ದಕ್ಕೇ ಜಾಸ್ತಿ ನೋವು.

ಮೇಷ್ಟ್ರು ಗಣಿತದವರು. ಸಮಾಧಾನ ಮಾಡುವುದು ಅವರಿಗೆ ಬರುವುದಿಲ್ಲ, ಲೆಕ್ಕ ಬರುತ್ತದೆ. "ನೋಡಪ್ಪಾ, ಎರಡು ಎಕ್ಕದ ಎದುರು ಎರಡು ರಾಜ ಬಂದರೆ 100ಕ್ಕೆ ಸುಮಾರು 82 ಸಲ ಎಕ್ಕ ಗೆಲ್ಲುತ್ತದೆ. ಮಿಕ್ಕ 18 ಸಲ ಯಾರಾದರೂ ಸೋಲಲೇಬೇಕಲ್ಲ? ನಿನ್ನ ಸರದಿ ಬಂತು, ಅಷ್ಟೇ."

"ಆ 18 ಸಲವೂ ನನ್ನದೇ ಸರದಿ ಯಾಕೆ ಬರುತ್ತೆ?"

"ಇನ್ನೊಂದು ಲೆಕ್ಕ ಕೇಳು. ಒಂದು ಟೂರ್ನಮೆಂಟಿನಲ್ಲಿ ಇರೋ ಚಿಪ್ಸನ್ನೆಲ್ಲ, ಅಂದರೆ ಪಣದ ಬಿಲ್ಲೆಗಳನ್ನೆಲ್ಲ, ಇಟ್ಟು ನಾಲ್ಕು ಸಲ ಇಂಥ ಕೈ ಆಡಬೇಕಾಯಿತು ಅಂತ ಇಟ್ಟುಕೋ. ನಾಲ್ಕರಲ್ಲೂ ನಿನ್ನದೇ 82ರ ಕೈ. ಆದರೂ ನಾಲ್ಕನ್ನೂ ಗೆಲ್ಲುವ ಸಾಧ್ಯತೆ ಶೇಕಡಾ 45 ಮಾತ್ರ. ಒಂದೂ ತಪ್ಪು ಮಾಡದೆ ಆಡಿದರೂ ಎದ್ದು ಹೋಗುವ ಸಾಧ್ಯತೆಯೇ ಜಾಸ್ತಿ."

ಶೀನನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ನನಗೆ ಅನ್ನಿಸುವುದು ಏನೆಂದರೆ, ಈ ಟೂರ್ನಮೆಂಟಿನ ಏರ್ಪಾಡೇ ವಿಚಿತ್ರ. ದುಡ್ಡಿಟ್ಟು ಸುಮ್ನೆ ಆಡುವ ಮೇಜಿನಲ್ಲಿ ಗೆದ್ದಾಗ ಎದ್ದು ಹೋಗಬಹುದು. ಇಲ್ಲಿ ಹಾಗಿಲ್ಲ. ಚಿಪ್ಸ್ ಮುಗಿಯುವ ತನಕ ಕೂರಬೇಕು. 2023ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯಕ್ಕೆ ತಲಾ 10,000 ಡಾಲರ್ ಕಟ್ಟಿ 10,043 ಜನ ಬಂದಿದ್ದರು. ಡೇನಿಯಲ್ ವೈನ್‌ಮನ್ ಒಬ್ಬ ಗೆದ್ದ. ಮಿಕ್ಕ 10,042 ಜನರೂ ಸೋತೇ ಎದ್ದರು. ಎರಡನೇ ಸ್ಥಾನದವನು 65 ಲಕ್ಷ ಡಾಲರ್ ಎಣಿಸಿಕೊಂಡ. ಅವನೂ ಕೊನೇ ಕೈ ಸೋತವನೇ! ಅಂದರೆ ಒಂದು ಟೂರ್ನಮೆಂಟಿಗೆ ಗೆದ್ದ ಕಥೆ ಒಂದು, ಗೋಳಿನ ಕಥೆ 10,042. ಕೇಳುವವರು ಯಾರು? ನಾವೇ.

"ನೀವೆಲ್ಲ ಸೋಲೊಂದನ್ನೇ ಹಿಡ್ಕೊಂಡು ಕೂತಿದ್ದೀರಿ," ಅಂದ ಶೀನ. "ಮೊದಲ ದಿನ ಮುಗಿಸಿ ಚಿಪ್ಸ್ ಚೀಲಕ್ಕೆ ಹಾಕೋ ಸುಖ ನಿಮಗೇನು ಗೊತ್ತು?"

ಆ ಚೀಲದ ಫೋಟೋ ಅಪರಾತ್ರಿಯಲ್ಲಿ ನಮಗೆಲ್ಲ ಬಂದಿತ್ತು. ಪಾರದರ್ಶಕ ಪ್ಲಾಸ್ಟಿಕ್ ಚೀಲ. ಮೇಲೆ ಶೀನನ ಹೆಸರು, ಚಿಪ್ಸಿನ ಮೊತ್ತ, ಸಹಿ. ಮೊತ್ತದ ಸೊನ್ನೆಗಳನ್ನು ಸ್ವಲ್ಪ ಜಾಸ್ತಿಯೇ ದುಂಡಗೆ ಬರೆದಿದ್ದ. ಚೀಲಕ್ಕೆ ಅಂಟು ಹಾಕಿ ಅವರ ಕೈಗೇ ಒಪ್ಪಿಸಿ ಬರಬೇಕು, ಮನೆಗೆ ತರುವ ಹಾಗಿಲ್ಲ. ತಂದರೂ ಪ್ರಯೋಜನವಿಲ್ಲ ಅನ್ನಿ, ಟೂರ್ನಮೆಂಟ್ ಚಿಪ್ಸಿಗೆ ಹೊರಗೆ ಮೂರು ಕಾಸಿನ ಬೆಲೆ ಇಲ್ಲ.

"ಎರಡನೇ ದಿನ ಎಷ್ಟು ಹೊತ್ತು ಇದ್ದೆ?" ರಾಜಿ ಕೇಳಿದಳು.

"ಚೀಲ ಹರಿದು ಚಿಪ್ಸ್ ಜೋಡಿಸೋಕೇ ಸ್ವಲ್ಪ ಹೊತ್ತು ಬೇಕಾಯ್ತು..."

"ಅದನ್ನ ಬಿಟ್ಟು?"

ಶೀನ ಮಾತು ಬದಲಿಸಿದ. "ತಾಳ್ಮೆ ಕಣೇ, ತಾಳ್ಮೆ. ಎರಡು ಎಕ್ಕ ಬರೋದು ಸರಾಸರಿ 221 ಕೈಗೆ ಒಂದು ಸಲ. ಆನ್‌ಲೈನಿನಲ್ಲಿ ಅಲ್ಲದೆ ಮೇಜಿನ ಸುತ್ತ ಕೂತು ಆಡುವಾಗ ಗಂಟೆಗೆ 25-30 ಕೈ ಆದರೆ ಹೆಚ್ಚು. ಒಂದು ಜೊತೆ ಎಕ್ಕ ನೋಡೋಕೆ ಎಂಟು ಗಂಟೆ ಕೂರಬೇಕು."

"ಎಂಟು ಗಂಟೆ ಕಾದು, ಬಂದಾಗ ಅದರಲ್ಲೇ ಸೋಲೋದು. ಆಫೀಸಿಗೆ ಹೋಗಿದ್ದರೆ ಸಂಬಳನಾದರೂ ಬರ್ತಿತ್ತು."

ನೋಡುವವರಿಗೆ ಮಜಾ ಇರುವುದು ಬಬಲ್ ಹೊತ್ತಿನಲ್ಲಿ, ಅಂದರೆ ಬಹುಮಾನದ ಹೊಸ್ತಿಲಲ್ಲಿ. ಸುಮಾರು ಶೇಕಡಾ 15 ಜನಕ್ಕೆ ಬಹುಮಾನ ಅಂದುಕೊಳ್ಳಿ. ಇನ್ನೊಬ್ಬ ಹೊರಗೆ ಹೋದರೆ ಉಳಿದವರಿಗೆಲ್ಲ ದುಡ್ಡು ಖಚಿತ. ಆ ಒಬ್ಬ ಯಾರು? ಎಲ್ಲ ಮೇಜುಗಳಲ್ಲೂ ಒಂದೊಂದೇ ಕೈ ಆಡಿಸಿ ನಿಲ್ಲಿಸುತ್ತಾರೆ, ಎಲ್ಲರದ್ದೂ ಮುಗಿದ ಮೇಲೆ ಮುಂದಿನದು. ಅಲ್ಲಿಯವರೆಗೆ ಹುಲಿಗಳ ಹಾಗೆ ಆಡಿದವರೆಲ್ಲ ಈಗ ಎಲೆ ಮುಟ್ಟಲೂ ಹೆದರುತ್ತಾರೆ. ದೂರದ ಮೇಜಿನಲ್ಲಿ ಯಾರೋ ಆಲ್ ಇನ್ ಅಂದರೆ ಇಡೀ ಹಾಲ್ ಎದ್ದು ಓಡುತ್ತದೆ, ಗುರುತು ಪರಿಚಯ ಇಲ್ಲದವನು ಸೋಲಲಿ ಅಂತ ಹರಕೆ ಹೊತ್ತುಕೊಂಡು. ಅವನೋ ಬ್ಯಾಗ್ ಹೆಗಲಿಗೆ ಹಾಕಿ ಎದ್ದು ನಿಂತಿರುತ್ತಾನೆ. ಕೊನೇ ಎಲೆ ಅವನ ಕಡೆ ಬೀಳುತ್ತದೆ. ಬ್ಯಾಗ್ ಹೆಗಲಲ್ಲೇ ಇದೆ ಅನ್ನುವುದು ಮರೆತು ಹಾಗೇ ಕೂರುತ್ತಾನೆ. ಓಡಿ ಬಂದವರೆಲ್ಲ "ಭಲೇ!" ಅಂದು, ಒಳಗೊಳಗೇ ಶಾಪ ಹಾಕುತ್ತಾ ವಾಪಸ್.

"ದಾಟಿದರೆ ಎಷ್ಟು ಸಿಗುತ್ತೆ?" ಅಂದರು ಮೇಷ್ಟ್ರು.

"ಆ 2023ರದ್ದೇ ತಗೊಳ್ಳಿ. 10,000 ಕಟ್ಟಿದವನಿಗೆ ಕಡಿಮೆ ಅಂದರೆ 15,000."

"ವಿಮಾನ, ಹೋಟೆಲು, ತೆರಿಗೆ ಕಳೆದರೆ?"

"ಲೆಕ್ಕ ಹಾಕಬೇಡಿ ಮೇಷ್ಟ್ರೇ, ಕೈ ಮುಗೀತೀನಿ."

ಹೀಗಿದ್ದರೂ ಜನ ಯಾಕೆ ಹೋಗುತ್ತಾರೆ? ಕ್ರಿಸ್ ಮನಿಮೇಕರ್‌ನಿಂದ. 2003ರಲ್ಲಿ ಈ ಅಕೌಂಟೆಂಟ್ ಆನ್‌ಲೈನಿನಲ್ಲಿ ಒಂದು ಸಣ್ಣ ಅರ್ಹತಾ ಪಂದ್ಯ ಗೆದ್ದು ಇದೇ ಮುಖ್ಯ ಪಂದ್ಯಕ್ಕೆ ಬಂದ, 25 ಲಕ್ಷ ಡಾಲರ್ ಗೆದ್ದ. ಆ ವರ್ಷ ಆಡಿದವರು 839. ಮೂರೇ ವರ್ಷ, 2006ಕ್ಕೆ 8,773! ಅಷ್ಟೂ ಜನಕ್ಕೆ ಅವನಿಗೆ ಸಾಧ್ಯವಾದದ್ದು ತಮಗೇಕಿಲ್ಲ ಅನ್ನಿಸಿತ್ತು.

"ಅದಕ್ಕಿಂತ ದೊಡ್ಡದು ಜ್ಯಾಕ್ ಸ್ಟ್ರಾಸ್ ಕಥೆ," ಶೀನನ ಕಣ್ಣು ಹೊಳೆಯಿತು. "1982, ಅದೇ ಮುಖ್ಯ ಪಂದ್ಯ. ಎಲ್ಲ ಕಳಕೊಂಡೆ ಅಂತ ಎದ್ದ. ನೋಡಿದರೆ ನ್ಯಾಪ್‌ಕಿನ್ ಅಡಿಯಲ್ಲಿ ಒಂದೇ ಒಂದು ಚಿಪ್. ಬಾಯಿಬಿಟ್ಟು ಆಲ್ ಇನ್ ಅಂದಿರಲಿಲ್ಲ, ಹಾಗಾಗಿ ಮತ್ತೆ ಕೂರಲು ಬಿಟ್ಟರು. ಆ ಒಂದರಿಂದ ಪೂರ್ತಿ ಟೂರ್ನಮೆಂಟ್ ಗೆದ್ದ!"

"ನೀನೂ ಹುಡುಕಿದೆಯಾ?"

"ಮೇಜಿನ ಕೆಳಗೂ ನೋಡಿದೆ," ಅಂದ ಶೀನ, ಮೆಲ್ಲಗೆ.

ಇವನಿಗೆ ದಂತಕಥೆಗಳೇ ಮುಳುವು. ಡಾಯ್ಲ್ ಬ್ರನ್ಸನ್ 1976, 1977 ಎರಡೂ ವರ್ಷ ಕೊನೇ ಕೈಯಲ್ಲಿ 10-2ರಂಥ ಕೆಟ್ಟ ಎಲೆ ಹಿಡಿದು ಅದೇ ಮುಖ್ಯ ಪಂದ್ಯದ ಚಾಂಪಿಯನ್ ಆದ. ಶೀನ ಅದನ್ನು ಮೊದಲನೇ ಕೈಯಲ್ಲೇ ಆಡುತ್ತಾನೆ.

ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದೆವು. ಶೀನ ಗಂಟಲು ಸರಿಮಾಡಿಕೊಂಡ. ಆ ಸದ್ದು ಕೇಳಿ ಮೇಷ್ಟ್ರು ಚಪ್ಪಲಿ ಹುಡುಕತೊಡಗಿದರು.

"ಮುಂದಿನ ಟೂರ್ನಮೆಂಟಿಗೆ ನನ್ನ ಷೇರು ಮಾರ್ತಾ ಇದ್ದೀನಿ. ಪ್ರವೇಶ ಶುಲ್ಕದಲ್ಲಿ ಶೇಕಡಾ 10 ನೀವು ಹಾಕಿ, ಗೆದ್ದರೆ ಶೇಕಡಾ 10 ನಿಮ್ಮದು. ಆಟಗಾರರೆಲ್ಲ ಹೀಗೇ ಮಾಡೋದು. ಒಳ್ಳೆ ಆಟಗಾರ ಅಂತ ಮೇಲೆ ಸ್ವಲ್ಪ ಜಾಸ್ತಿ ತಗೋತೀನಿ, ಅಷ್ಟೇ."

"ನಿನ್ನಲ್ಲಿ ಶೇಕಡಾ 10 ಅಂದರೆ ಯಾವ ಭಾಗ?" ಅಂದಳು ರಾಜಿ. "ತಲೆ ಆದರೆ ನನಗೆ ಬೇಡ ಕಣೋ."