ಅಪ್‌ಡೇಟ್: ಎಡಗೈಯ ಮಗಳಿಗೆ ಕೊನೆಗೂ ಒಗ್ಗಿದ ಕತ್ತರಿ

ಎಡಗೈ ಬಳಸುವ ನನ್ನ ಹತ್ತು ವರ್ಷದ ಮಗಳಿಗೆ ಎಂತಹ ಕತ್ತರಿ, ಚಾಕು, ಪೆನ್ನು ಕೊಡಿಸಬೇಕೆಂದು ಕಳೆದ ತಿಂಗಳು ಕೇಳಿದ್ದೆ. ಹಿಡಿಯನ್ನಲ್ಲ, ಅಲಗನ್ನು ನೋಡಬೇಕೆಂಬ ನಿಮ್ಮ ಸಲಹೆಯೇ ಸರಿಯಾಗಿತ್ತು.

ಎರಡೂ ಕೈಗೆ ಹೊಂದುತ್ತದೆಂದು ಮೊದಲು ಕೊಂಡಿದ್ದ ಕತ್ತರಿಯಲ್ಲಿ ಹಿಡಿ ಮಾತ್ರ ಸಮವಾಗಿತ್ತು. ಅಲಗುಗಳು ಬಲಗೈಯವರ ಜೋಡಣೆಯಲ್ಲೇ ಇದ್ದುದರಿಂದ, ಎಡ ಹೆಬ್ಬೆರಳಿನ ಒತ್ತಡಕ್ಕೆ ಅವು ಒಂದಕ್ಕೊಂದು ಅಂಟಿಕೊಳ್ಳುವ ಬದಲು ದೂರ ಸರಿದು, ಕಾಗದವು ಕತ್ತರಿಸದೆ ನಡುವೆ ಮಡಚಿಕೊಳ್ಳುತ್ತಿತ್ತು, ಗೆರೆಯೂ ಅಲಗಿನ ಮರೆಗೆ ಹೋಗುತ್ತಿತ್ತು. ನಿಜವಾದ ಎಡಗೈ ಕತ್ತರಿಯಲ್ಲಿ ಮೇಲೆ ಬರುವ ಅಲಗು ಎಡಬದಿಯಲ್ಲಿರುತ್ತದೆ. ಹಳೆಯ ಕತ್ತರಿಗಾಗಿ ಹೆಬ್ಬೆರಳನ್ನು ಒಳಕ್ಕೆ ಎಳೆದು ಹಿಡಿಯಲು ಕಲಿತಿದ್ದ ಮಗಳಿಗೆ ಮೊದಲ ಎರಡು ದಿನ ಇದೇ ತಪ್ಪೆನಿಸಿತು; ಮೂರನೆಯ ದಿನ ಅವಳು ವೃತ್ತವೊಂದನ್ನು ಗೆರೆ ಬಿಡದೆ ಕತ್ತರಿಸಿದ್ದನ್ನು ಕಂಡು ನನ್ನ ಕಣ್ಣು ತುಂಬಿಬಂತು.

ಚಾಕುವಿಗೆ ಹೆಚ್ಚು ಹುಡುಕಬೇಕಾಗಲಿಲ್ಲ. ಎರಡೂ ಬದಿಗೆ ಸಮನಾಗಿ ಸಾಣೆ ಹಿಡಿದದ್ದು ಸಾಕು. ಒಂದೇ ಬದಿಗೆ ಸಾಣೆ ಹಿಡಿದ, ಬಲಗೈಯವರ ಚಾಕು ಮಾತ್ರ ಎಡಗೈಯಲ್ಲಿ ಓರೆಯಾಗಿ ಜಾರುತ್ತದೆ. ಬರವಣಿಗೆಗೆ ಬೇಗ ಒಣಗುವ ಶಾಯಿಯ ಪೆನ್ನು ತಂದೆವು, ಹಾಳೆಯ ಮೇಲ್ತುದಿಯನ್ನು ತುಸು ಬಲಕ್ಕೆ ವಾಲಿಸಿದೆವು. ಅಂಗೈಯ ಅಂಚಿನ ಶಾಯಿ ಕಲೆ ಈಗ ಬಹುಮಟ್ಟಿಗೆ ಇಲ್ಲ. ಸಲಹೆ ನೀಡಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.